ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಿಡ್ನಿಯಲ್ಲಿ ಕಲ್ಲು ಸಿಕ್ತಾ? ಮುಂದೆ ಯಾವ ಸ್ಕ್ಯಾನ್, ಎಷ್ಟು ದಿನಕ್ಕೊಮ್ಮೆ, ರಿಪೋರ್ಟ್‌ನಲ್ಲಿ ಏನು ನೋಡಬೇಕು: ಪೂರ್ತಿ ಮಾಹಿತಿ

ಚಳ್ಳಕೆರೆ: ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನ್ ಮಾಡಿಸಿರ್ತಾರೆ, ಪಿತ್ತಕೋಶ ನೋಡೋಕೆ ಅಂತ ಹೋಗಿರ್ತಾರೆ, ಹೆಣ್ಣುಮಕ್ಕಳು ಮುಟ್ಟಿನ ತೊಂದರೆಗೆ ಹೋಗಿರ್ತಾರೆ. ರಿಪೋರ್ಟ್ ಕೈಗೆ ಬಂದಾಗ ಕೊನೆಯಲ್ಲಿ ಒಂದು ಸಾಲು ಇರುತ್ತೆ: ಎಡ ಕಿಡ್ನಿಯಲ್ಲಿ 4 ಮಿ.ಮೀ. ಕಲ್ಲು. ನೋವಿಲ್ಲ, ಉರಿಯಿಲ್ಲ, ಇಷ್ಟು ದಿನ ಗೊತ್ತೂ ಇರಲಿಲ್ಲ. ಅಲ್ಲಿಂದ ಶುರುವಾಗುತ್ತೆ ತಲೆಬಿಸಿ.

ಇಲ್ಲಿ ಜನ ಎರಡು ಥರ ಮಾಡ್ತಾರೆ. ಒಬ್ಬರು ಹೆದರಿ ಮರುದಿನವೇ ಆಪರೇಷನ್‌ಗೆ ದುಡ್ಡು ಹೊಂದಿಸೋಕೆ ಓಡಾಡ್ತಾರೆ. ಇನ್ನೊಬ್ಬರು ನೋವೇ ಇಲ್ವಲ್ಲ ಅಂತ ರಿಪೋರ್ಟನ್ನ ಬೀರುವಿನಲ್ಲಿ ಇಟ್ಟು ಮರೆತುಬಿಡ್ತಾರೆ. ಮೊದಲನೆಯವರಿಗೆ ಬೇಡದ ಖರ್ಚು ಆಗಬಹುದು. ಎರಡನೆಯವರಲ್ಲಿ ಕೆಲವರಿಗೆ ಒಂದು ಕಿಡ್ನಿಯೇ ಹೋಗಬಹುದು. ಇವೆರಡರ ನಡುವೆ ಇರುವ ದಾರಿಗೆ ಡಾಕ್ಟರ್‌ಗಳು 'ಫಾಲೋಅಪ್' ಅಂತಾರೆ. ಕಲ್ಲನ್ನ ತೆಗೆಯೋದಿಲ್ಲ, ಆದರೆ ಅದರ ಮೇಲಿನ ಕಣ್ಣನ್ನೂ ತೆಗೆಯೋದಿಲ್ಲ. ಆ ಕಣ್ಣು ಇಡೋದು ಹೇಗೆ ಅನ್ನೋದೇ ಈ ಲೇಖನ.

ಇದು ಎಷ್ಟು ಸಾಮಾನ್ಯ?

ನೀವೊಬ್ಬರೇ ಅಲ್ಲ. ಅಮೆರಿಕದಲ್ಲಿ ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿಸಿಕೊಂಡ 5,047 ಜನರನ್ನು ಪರಿಶೀಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಯಾವ ನೋವೂ ಇಲ್ಲದೆ ಕಿಡ್ನಿಯಲ್ಲಿ ಕಲ್ಲಿತ್ತು. ಹಾಗೆ ಕಲ್ಲು ಸಿಕ್ಕವರಲ್ಲಿ ಮುಂದಿನ ಹತ್ತು ವರ್ಷದ ಅವಧಿಯಲ್ಲಿ ಐದರಲ್ಲಿ ಒಬ್ಬರಿಗೆ ಮಾತ್ರ ಕಲ್ಲಿನಿಂದ ತೊಂದರೆ ಕಾಣಿಸಿಕೊಂಡಿತು.

1992ರ ಇನ್ನೊಂದು ಅಧ್ಯಯನದ ಲೆಕ್ಕ ಇದಕ್ಕಿಂತ ಜಾಸ್ತಿ. ಅದರಲ್ಲಿ ನೋವಿಲ್ಲದ ಕಲ್ಲಿದ್ದ 107 ಜನರನ್ನು ಸರಾಸರಿ ಎರಡೂವರೆ ವರ್ಷ ಗಮನಿಸಿದರು. ಮೂರರಲ್ಲಿ ಒಬ್ಬರಿಗೆ ತೊಂದರೆ ಬಂತು. ಐದು ವರ್ಷ ಹಿಡಿದರೆ ತೊಂದರೆ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅವರ ಅಂದಾಜು. ಯಾರನ್ನು ಪರೀಕ್ಷೆ ಮಾಡಿದರು, ಕಲ್ಲು ಎಷ್ಟು ದೊಡ್ಡದಿತ್ತು ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತೆ. ಎರಡನ್ನೂ ಸೇರಿಸಿ ನೋಡಿದರೆ ಸಿಗುವ ಮಾತು ಇಷ್ಟು: ಬಹಳಷ್ಟು ಕಲ್ಲು ಸುಮ್ಮನೆ ಕೂರುತ್ತವೆ, ಆದರೆ ಯಾವುದು ಸುಮ್ಮನೆ ಕೂರುತ್ತೆ ಅಂತ ಮೊದಲ ದಿನವೇ ಹೇಳೋಕೆ ಆಗಲ್ಲ. ಅದಕ್ಕೇ ಮತ್ತೆ ಮತ್ತೆ ಸ್ಕ್ಯಾನ್.

ನೋವು ಯಾಕಿಲ್ಲ?

ಕಲ್ಲು ಕಿಡ್ನಿಯ ಒಳಗೆ ಒಂದು ಮೂಲೆಯಲ್ಲಿ ಕೂತಿದ್ದರೆ ಸಾಮಾನ್ಯವಾಗಿ ನೋವು ಬರೋದಿಲ್ಲ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಸಣ್ಣ ಪೈಪು ಇದೆಯಲ್ಲ, ಮೂತ್ರನಾಳ, ಅದರೊಳಗೆ ಕಲ್ಲು ಜಾರಿ ಸಿಕ್ಕಿಕೊಂಡಾಗ ಮೂತ್ರ ಮುಂದೆ ಹೋಗದೆ ಹಿಂದಕ್ಕೆ ತುಂಬಿಕೊಳ್ಳುತ್ತೆ. ಕಿಡ್ನಿ ಊದಿಕೊಳ್ಳುತ್ತೆ. ಆಗ ಬರೋದೇ ಸೊಂಟದಿಂದ ತೊಡೆಸಂದಿಗೆ ಇಳಿಯುವ, ಕೂತರೂ ನಿಂತರೂ ತಡೆಯೋಕಾಗದ ಆ ನೋವು.

ಅಂದ್ರೆ ಕಲ್ಲಿನ ಗಾತ್ರ ಎಷ್ಟು ಮುಖ್ಯವೋ ಅದು ಕೂತಿರುವ ಜಾಗವೂ ಅಷ್ಟೇ ಮುಖ್ಯ. ಕಿಡ್ನಿಯಲ್ಲಿ ಕೂತ 8 ಮಿ.ಮೀ. ಕಲ್ಲಿಗಿಂತ ನಾಳದಲ್ಲಿ ಸಿಕ್ಕ 4 ಮಿ.ಮೀ. ಕಲ್ಲು ಜಾಸ್ತಿ ನೋವು ಕೊಡಬಹುದು.

ನಾಳಕ್ಕೆ ಬಂದ ಕಲ್ಲು ತಾನಾಗಿ ಹೋಗುತ್ತಾ ಅನ್ನೋದಕ್ಕೆ ಒಂದು ಅಂದಾಜು ಇದೆ. 5 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕದಾದರೆ ಮೂರರಲ್ಲಿ ಎರಡು ಪಾಲು ತಾವಾಗಿ ಮೂತ್ರದಲ್ಲಿ ಹೋಗುತ್ತವೆ. 5ರಿಂದ 10 ಮಿ.ಮೀ. ಇದ್ದರೆ ಹೆಚ್ಚುಕಮ್ಮಿ ಅರ್ಧ. 10 ದಾಟಿದರೆ ತಾನಾಗಿ ಹೋಗುವ ಭರವಸೆ ಇಟ್ಟುಕೊಳ್ಳೋದು ಕಷ್ಟ.

ಮೂರು ಥರದ ಪರೀಕ್ಷೆ, ಮೂರಕ್ಕೂ ಬೇರೆ ಬೇರೆ ಕೆಲಸ

1. ಅಲ್ಟ್ರಾಸೌಂಡ್. ನಮ್ಮ ಕಡೆ 'ಸ್ಕ್ಯಾನಿಂಗ್' ಅಂದ್ರೆ ಇದೇ. ಹೊಟ್ಟೆಗೆ ಜೆಲ್ ಹಚ್ಚಿ ನೋಡೋದು. ಶಬ್ದದ ಅಲೆಯಿಂದ ಕೆಲಸ ಮಾಡುತ್ತೆ, ವಿಕಿರಣ ಇಲ್ಲ, ಗರ್ಭಿಣಿಯರಿಗೂ ಮಕ್ಕಳಿಗೂ ಮಾಡಬಹುದು. ಕಲ್ಲು ಬೆಳ್ಳಗೆ ಹೊಳೆಯುತ್ತೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತೆ. ಕಿಡ್ನಿ ಊದಿದೆಯಾ ಇಲ್ವಾ ಅಂತ ಹೇಳೋದಕ್ಕೆ ಇದು ಬಹಳ ಒಳ್ಳೆಯದು.

ಇದಕ್ಕೆ ಕೊರತೆಯೂ ಇದೆ. ಚಿಕ್ಕ ಕಲ್ಲು ತಪ್ಪಿಹೋಗಬಹುದು. ಕರುಳಿನ ಗ್ಯಾಸ್ ಅಡ್ಡ ಬರೋದರಿಂದ ಮೂತ್ರನಾಳದ ನಡುಭಾಗ ಸರಿಯಾಗಿ ಕಾಣೋದಿಲ್ಲ. ಸಣ್ಣ ಕಲ್ಲನ್ನ ಇರೋದಕ್ಕಿಂತ ಒಂದೆರಡು ಮಿ.ಮೀ. ದೊಡ್ಡದಾಗಿ ತೋರಿಸೋದೂ ಸಾಮಾನ್ಯ. ಸ್ಕ್ಯಾನ್ ಮಾಡುವವರ ಕೈ, ಮಷಿನ್ನು, ನಿಮ್ಮ ಮೈಕಟ್ಟು, ಇದೆಲ್ಲದರ ಮೇಲೆ ಫಲಿತಾಂಶ ನಿಂತಿರುತ್ತೆ. ಕೆಲವು ಸಲ ಕಿಡ್ನಿಯೊಳಗಿನ ಕೊಬ್ಬು ಅಥವಾ ಗಟ್ಟಿಯಾದ ರಕ್ತನಾಳದ ಗೋಡೆ ಕೂಡ ಸಣ್ಣ ಕಲ್ಲಿನ ಹಾಗೆ ಹೊಳೆಯುತ್ತೆ. ಹಾಗಾಗಿ 2 ಮಿ.ಮೀ., 3 ಮಿ.ಮೀ. ಅಂತ ಬರೆದ ಚುಕ್ಕೆಗಳೆಲ್ಲ ನಿಜವಾಗಿ ಕಲ್ಲೇ ಆಗಿರಬೇಕು ಅಂತಿಲ್ಲ.

2. ಎಕ್ಸ್‌ರೇ. ಕಿಡ್ನಿ, ನಾಳ, ಮೂತ್ರಕೋಶ ಮೂರೂ ಬರುವ ಹಾಗೆ ತೆಗೆಯುವ ಎಕ್ಸ್‌ರೇಗೆ 'ಕೆಯುಬಿ' ಅಂತಾರೆ. ಕ್ಯಾಲ್ಸಿಯಂ ಇರುವ ಕಲ್ಲು ಇದರಲ್ಲಿ ಬಿಳಿಯಾಗಿ ಕಾಣುತ್ತೆ. ಯೂರಿಕ್ ಆಸಿಡ್ ಕಲ್ಲು ಕಾಣೋದೇ ಇಲ್ಲ. ಒಮ್ಮೆ ಎಕ್ಸ್‌ರೇಯಲ್ಲಿ ಕಂಡ ಕಲ್ಲು ಅಂತ ಗೊತ್ತಾದರೆ, ಮುಂದೆ ಅದು ಜಾಗ ಬದಲಿಸಿತಾ, ಬೆಳೆಯಿತಾ ಅಂತ ನೋಡೋಕೆ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಜೊತೆಗಿಟ್ಟು ನೋಡ್ತಾರೆ.

3. ಸಿಟಿ ಸ್ಕ್ಯಾನ್. ಕಲ್ಲಿಗೆ ಮಾಡುವಾಗ ಬಣ್ಣದ ಇಂಜೆಕ್ಷನ್ ಬೇಕಾಗಿಲ್ಲ, 'ಪ್ಲೇನ್ ಸಿಟಿ ಕೆಯುಬಿ' ಅಂತ ಬರೆದಿರ್ತಾರೆ. ಹೆಚ್ಚುಕಮ್ಮಿ ಎಲ್ಲಾ ಕಲ್ಲೂ ಇದರಲ್ಲಿ ಕಾಣುತ್ತೆ, ಯೂರಿಕ್ ಆಸಿಡ್ ಕಲ್ಲು ಕೂಡ. ಅಳತೆ ಪಕ್ಕಾ. ಕಲ್ಲು ಎಷ್ಟು ಗಟ್ಟಿ ಅನ್ನೋದೂ ಒಂದು ಸಂಖ್ಯೆಯಲ್ಲಿ ಬರುತ್ತೆ. ಅದಕ್ಕೆ ರಿಪೋರ್ಟ್‌ನಲ್ಲಿ 'ಎಚ್‌ಯು' ಅಂತ ಬರೆದಿರ್ತಾರೆ. 500ರ ಕೆಳಗೆ ಇದ್ದರೆ ಯೂರಿಕ್ ಆಸಿಡ್ ಕಲ್ಲು ಇರಬಹುದು ಅಂತ ಡಾಕ್ಟರ್ ಯೋಚಿಸ್ತಾರೆ. 1,000 ದಾಟಿದ್ದರೆ ಗಟ್ಟಿ ಕಲ್ಲು, ಹೊರಗಿನಿಂದ ಅಲೆ ಕೊಟ್ಟು ಒಡೆಯೋದು ಕಷ್ಟ.

ತೊಂದರೆ ಅಂದ್ರೆ ವಿಕಿರಣ. ಮಾಮೂಲಿ ಡೋಸ್‌ನಲ್ಲಿ ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ಗೆ ಸುಮಾರು 10 ಮಿಲಿಸೀವರ್ಟ್ ಬೀಳಬಹುದು. ನಾವು ಏನೂ ಮಾಡದೆ ಇದ್ದರೂ ಮಣ್ಣು, ಕಲ್ಲು, ಆಕಾಶದಿಂದ ಒಂದು ವರ್ಷಕ್ಕೆ ನಮ್ಮ ಮೈಗೆ ಬೀಳೋದು ಪ್ರಪಂಚದ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಅಂದ್ರೆ ನಾಲ್ಕು ವರ್ಷದ್ದು ಒಂದೇ ದಿನ. ಕಡಿಮೆ ಡೋಸ್‌ನ ಸಿಟಿಯಲ್ಲಿ ಇದನ್ನ 3, 4ಕ್ಕೆ ಇಳಿಸಬಹುದು. ಒಂದು ಸಲಕ್ಕೆ ಹೆದರಬೇಕಾಗಿಲ್ಲ, ಬೇಕಾದಾಗ ಮಾಡಿಸಲೇಬೇಕು. ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಸುಮ್ಮನೆ ನೋಡೋಕೆ ಅಂತ ಸಿಟಿ ಮಾಡಿಸೋದು ಸರಿಯಲ್ಲ. ಸಿಟಿ ಬರೆದರೆ 'ಕಡಿಮೆ ಡೋಸ್‌ನಲ್ಲಿ ಆಗುತ್ತಾ ಸರ್?' ಅಂತ ಕೇಳಿ. ಅದು ನಿಮ್ಮ ಹಕ್ಕು.

ಅಲ್ಟ್ರಾಸೌಂಡ್ ಮೊದಲು ಮಾಡಿದರೆ ಏನಾದರೂ ತಪ್ಪಿಹೋಗುತ್ತಾ ಅನ್ನೋ ಅನುಮಾನಕ್ಕೂ ಉತ್ತರ ಇದೆ. ಅಮೆರಿಕದ 15 ತುರ್ತು ಚಿಕಿತ್ಸಾ ಘಟಕಗಳಲ್ಲಿ ಕಲ್ಲಿನ ಅನುಮಾನ ಇದ್ದ 2,759 ಜನರ ಮೇಲೆ ಪರೀಕ್ಷೆ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಅಲ್ಟ್ರಾಸೌಂಡ್, ಬೇಕಾದರೆ ಮಾತ್ರ ಸಿಟಿ ಅಂತ ಹೋದವರಿಗೂ ಮೊದಲೇ ಸಿಟಿ ಮಾಡಿಸಿದವರಿಗೂ ಅಪಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಎಷ್ಟು ದಿನಕ್ಕೊಮ್ಮೆ?

ಯೂರೋಪಿನ ಯೂರಾಲಜಿ ವೈದ್ಯರ ಸಂಘದ ಮಾರ್ಗಸೂಚಿ ಪ್ರಕಾರ ನೋವಿಲ್ಲದ ಕಿಡ್ನಿ ಕಲ್ಲಿಗೆ ಮೊದಲ ಮರುಪರೀಕ್ಷೆ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ನಮ್ಮ ಕಡೆಯ ಡಾಕ್ಟರ್‌ಗಳು ಹೇಳೋದೂ ಹೆಚ್ಚುಕಮ್ಮಿ ಇದನ್ನೇ. ಕಲ್ಲು ದೊಡ್ಡದಿದ್ದರೆ, ಒಂದೇ ಕಿಡ್ನಿ ಇದ್ದರೆ, ಶುಗರ್ ಇದ್ದರೆ, ಪದೇ ಪದೇ ಮೂತ್ರದ ಸೋಂಕು ಆಗ್ತಿದ್ದರೆ ಇನ್ನೂ ಬೇಗ ಬರೋಕೆ ಹೇಳಬಹುದು.

ಸ್ಕ್ಯಾನ್ ಜೊತೆಗೆ ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್, ಕ್ಯಾಲ್ಸಿಯಂ, ಯೂರಿಕ್ ಆಸಿಡ್ ನೋಡಿಸ್ತಾರೆ. ಕ್ಯಾಲ್ಸಿಯಂ ಯಾಕೆ ಅಂದ್ರೆ, ಕೆಲವರಿಗೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಲ್ಲು ಬರ್ತಾ ಇರುತ್ತೆ. ಮೂಲ ಸರಿಮಾಡದೆ ಕಲ್ಲು ಮಾತ್ರ ತೆಗೆದರೆ ಮತ್ತೆ ಬರುತ್ತೆ.

ಒಂದು ಮಾತು ಗಮನಿಸಿ. ಕ್ರಿಯಾಟಿನಿನ್ ನಾರ್ಮಲ್ ಇದೆ ಅಂದ ಮಾತ್ರಕ್ಕೆ ಎರಡೂ ಕಿಡ್ನಿ ಚೆನ್ನಾಗಿವೆ ಅಂತ ಅಲ್ಲ. ಒಂದು ಕಿಡ್ನಿ ಕೆಲಸ ನಿಲ್ಲಿಸಿದರೂ ಇನ್ನೊಂದು ಅದರ ಭಾರ ಹೊತ್ತು ರಿಪೋರ್ಟನ್ನ ನಾರ್ಮಲ್ ಆಗಿಯೇ ಇಡಬಹುದು. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ ಸ್ಕ್ಯಾನ್ ಬಿಡೋದು ಸರಿಯಲ್ಲ.

ರಿಪೋರ್ಟ್ ಓದೋದು ಹೇಗೆ?

ರಿಪೋರ್ಟ್ ಇಂಗ್ಲಿಷ್‌ನಲ್ಲಿ ಇರುತ್ತೆ. ಈ ಪದಗಳು ಗೊತ್ತಿದ್ದರೆ ಸಾಕು.

ಕ್ಯಾಲ್ಕ್ಯುಲಸ್: ಕಲ್ಲು.

ಕಾಂಕ್ರಿಷನ್: ಇನ್ನೂ ಕಲ್ಲು ಅಂತ ಪೂರ್ತಿ ಹೇಳಲಾಗದ, ಮರಳಿನ ಕಣದಂಥದ್ದು.

ಅಪ್ಪರ್, ಮಿಡ್, ಲೋವರ್ ಪೋಲ್: ಕಿಡ್ನಿಯ ಮೇಲ್ಭಾಗ, ನಡುಭಾಗ, ಕೆಳಭಾಗ. ಕೆಳಭಾಗದ ಕಲ್ಲು ಅಲ್ಲೇ ಕೂರುವ ಸಾಧ್ಯತೆ ಜಾಸ್ತಿ. ಮೇಲಿನ, ನಡುವಿನ ಕಲ್ಲು ಜಾರಿ ತೊಂದರೆ ಕೊಡುವ ಸಾಧ್ಯತೆ ಅದಕ್ಕಿಂತ ಹೆಚ್ಚು.

ಪಿಯುಜೆ: ಕಿಡ್ನಿ ಮುಗಿದು ನಾಳ ಶುರುವಾಗುವ ಜಾಗ. ವಿಯುಜೆ: ನಾಳ ಮುಗಿದು ಮೂತ್ರಕೋಶ ಸೇರುವ ಜಾಗ. ಎರಡೂ ಇಕ್ಕಟ್ಟು, ಕಲ್ಲು ಸಿಕ್ಕಿಕೊಳ್ಳೋದು ಇಲ್ಲೇ ಹೆಚ್ಚು.

ಹೈಡ್ರೋನೆಫ್ರೋಸಿಸ್: ಮೂತ್ರ ಕಟ್ಟಿ ಕಿಡ್ನಿ ಊದಿರೋದು. ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಬರೆದಿರ್ತಾರೆ. ಇಡೀ ರಿಪೋರ್ಟ್‌ನಲ್ಲಿ ನೀವು ಮೊದಲು ಹುಡುಕಬೇಕಾದ ಪದ ಇದೇ. 'ನೋ ಹೈಡ್ರೋನೆಫ್ರೋಸಿಸ್' ಅಂತಿದ್ದರೆ ಆ ದಿನದ ಮಟ್ಟಿಗೆ ಸಮಾಧಾನ.

ಕಾರ್ಟಿಕಲ್ ಥಿನ್ನಿಂಗ್: ಕಿಡ್ನಿಯ ಕೆಲಸ ಮಾಡುವ ಹೊರಪದರ ತೆಳ್ಳಗಾಗಿದೆ ಅಂತ. ಇದು ಬಹಳ ದಿನದಿಂದ ಒತ್ತಡ ಇದ್ದದ್ದರ ಗುರುತು. ತಡ ಮಾಡಬೇಡಿ.

ಅಂಗಡಿ ಲೆಕ್ಕದ ಹಾಗೆ ಮೂರು ಉದಾಹರಣೆ

ಲೆಡ್ಜರ್ ಬರೆಯುವವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಒಂದು ದಿನದ ವ್ಯಾಪಾರ ನೋಡಿ ಯಾರೂ ಲಾಭ ನಷ್ಟ ಹೇಳಲ್ಲ. ಸ್ಕ್ಯಾನೂ ಹಾಗೇ. ಮೂವರ ಕಾಲ್ಪನಿಕ ಲೆಕ್ಕ ಇಲ್ಲಿದೆ, ಎಲ್ಲಾ ಅಲ್ಟ್ರಾಸೌಂಡ್.

ಮೊದಲನೆಯವರು: ಜನವರಿಯಲ್ಲಿ 5 ಮಿ.ಮೀ., ಜುಲೈನಲ್ಲಿ 6 ಮಿ.ಮೀ., ಮುಂದಿನ ಜುಲೈನಲ್ಲಿ 5.5 ಮಿ.ಮೀ. ಜುಲೈ ರಿಪೋರ್ಟ್ ನೋಡಿ 'ಬೆಳೀತಾ ಇದೆ' ಅಂತ ಹೆದರಿದರೆ ತಪ್ಪು. ಅಲ್ಟ್ರಾಸೌಂಡ್‌ನಲ್ಲಿ ಒಂದು ಮಿ.ಮೀ. ಆಚೆ ಈಚೆ ಅಳತೆಯ ವ್ಯತ್ಯಾಸವೇ ಆಗಿರಬಹುದು. ಇದು ಸುಮ್ಮನೆ ಕೂತ ಕಲ್ಲು. ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಎರಡನೆಯವರು: 5, ಆಮೇಲೆ 7, ಆಮೇಲೆ 9 ಮಿ.ಮೀ. ಮೂರು ಸಲವೂ ಒಂದೇ ದಿಕ್ಕಿಗೆ ಹೋಗ್ತಾ ಇದೆ. ಇದು ನಿಜವಾದ ಬೆಳವಣಿಗೆ. ಯೂರಾಲಜಿ ಡಾಕ್ಟರ್ ಹತ್ತಿರ ಹೋಗಿ, ಕಡಿಮೆ ಡೋಸ್ ಸಿಟಿ ಒಂದು ಮಾಡಿಸಿ, ತೆಗೆಸಬೇಕಾ ಅಂತ ಮಾತಾಡುವ ಸಮಯ.

ಮೂರನೆಯವರು: ಮೊದಲು 5 ಮಿ.ಮೀ. ನಡುವೆ ಎರಡು ದಿನ ಸೊಂಟ ನೋವು ಬಂತು, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡರು, ಹೋಯ್ತು. ಆರು ತಿಂಗಳ ಸ್ಕ್ಯಾನ್‌ನಲ್ಲಿ 'ಕಿಡ್ನಿಯಲ್ಲಿ ಕಲ್ಲು ಕಾಣುತ್ತಿಲ್ಲ, ಮೈಲ್ಡ್ ಹೈಡ್ರೋನೆಫ್ರೋಸಿಸ್' ಅಂತ ಬಂತು. ಮನೆಯವರೆಲ್ಲ ಕಲ್ಲು ಕರಗಿತು ಅಂತ ಖುಷಿಪಡ್ತಾರೆ. ಮೂವರಲ್ಲಿ ಅಪಾಯದಲ್ಲಿ ಇರೋದು ಇವರೇ. ಕಲ್ಲು ಹೋಗಿಲ್ಲ, ಕಿಡ್ನಿಯಿಂದ ಜಾರಿ ನಾಳದಲ್ಲಿ, ಅಲ್ಟ್ರಾಸೌಂಡ್‌ಗೆ ಕಾಣದ ಜಾಗದಲ್ಲಿ ಕೂತಿರಬಹುದು. ಕಿಡ್ನಿ ಊದಿರೋದು ಅದರ ಸುಳಿವು. ಇವರಿಗೆ ಅದೇ ವಾರ ಸಿಟಿ ಬೇಕು.

ನೋವು ಹೋಯ್ತು ಅಂದ್ರೆ ಕಲ್ಲು ಹೋಯ್ತು ಅಂತಲ್ಲ

ಈ ಮೂರನೆಯ ಉದಾಹರಣೆಯನ್ನ ಇನ್ನೊಂದು ಸಲ ಓದಿ. ನಾಳದಲ್ಲಿ ಕಲ್ಲು ಸಿಕ್ಕಿ ಕೆಲವು ದಿನ ಆದಮೇಲೆ ಕಿಡ್ನಿ ಆ ಒತ್ತಡಕ್ಕೆ ಹೊಂದಿಕೊಂಡು ನೋವು ತಾನಾಗಿ ಕಡಿಮೆ ಆಗಬಹುದು. ಒಳಗೆ ಅಡ್ಡಿ ಹಾಗೇ ಇರುತ್ತೆ. ಪೂರ್ತಿ ಅಡ್ಡಿ ಎರಡು ವಾರ ದಾಟಿದರೆ ಕಿಡ್ನಿಗೆ ಶಾಶ್ವತ ಹಾನಿ ಶುರುವಾಗಬಹುದು. ಸ್ವಲ್ಪ ಅಡ್ಡಿ ಇದ್ದರೂ ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ಕಾಯಬಾರದು ಅನ್ನೋದು ವೈದ್ಯರ ಸಾಮಾನ್ಯ ನಿಯಮ.

ಕೆಲವರಿಗೆ ನೋವು ಬರದೆಯೇ ಹೀಗಾಗುತ್ತೆ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 110 ಜನರ ನೋವಿಲ್ಲದ 160 ಕಲ್ಲುಗಳನ್ನು ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಹೆಚ್ಚಿನ ಕಲ್ಲು ಸುಮ್ಮನಿದ್ದವು. ಆದರೆ 3 ಕಲ್ಲು ಒಂದಿಷ್ಟೂ ನೋವು ಕೊಡದೆ ನಾಳಕ್ಕೆ ಅಡ್ಡ ಕೂತಿದ್ದವು. ನೂರಕ್ಕೆ ಎರಡು. ಸಣ್ಣ ಲೆಕ್ಕವೇ, ಆದರೆ ಆ ಎರಡರಲ್ಲಿ ನಾವಿದ್ದರೆ ಅದು ನಮಗೆ ತಿಳಿಯೋದು ಸ್ಕ್ಯಾನ್‌ನಿಂದ ಮಾತ್ರ. ವರ್ಷಕ್ಕೊಮ್ಮೆ ಮಾಡಿಸಿ ಅಂತ ಹೇಳೋದು ಇದಕ್ಕೇ.

ಹಾಗಾಗಿ ನೋವು ಬಂದು ಹೋದ ಮೇಲೆ ಎರಡರಲ್ಲಿ ಒಂದು ಸಾಕ್ಷಿ ಬೇಕು. ಒಂದು, ಕಲ್ಲು ಕೈಗೆ ಸಿಗಬೇಕು. ನೋವಿರುವ ದಿನಗಳಲ್ಲಿ ಮೂತ್ರವನ್ನ ತೆಳು ಬಟ್ಟೆಯಲ್ಲೋ ಹಳೇ ಟೀ ಸೋಸಣಿಗೆಯಲ್ಲೋ ಸೋಸಿ ನೋಡಿ. ಸಿಕ್ಕ ಕಲ್ಲನ್ನ ಬಿಸಾಡಬೇಡಿ, ಡಬ್ಬಿಯಲ್ಲಿಟ್ಟು ಡಾಕ್ಟರ್‌ಗೆ ಕೊಡಿ, ಯಾವ ಥರದ ಕಲ್ಲು ಅಂತ ಲ್ಯಾಬ್‌ನಲ್ಲಿ ನೋಡಬಹುದು. ಇಲ್ಲಾಂದ್ರೆ ಎರಡನೆಯ ಸಾಕ್ಷಿ, ಕಲ್ಲೂ ಇಲ್ಲ ಊತವೂ ಇಲ್ಲ ಅನ್ನೋ ಸ್ಕ್ಯಾನ್.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಸೊಂಟ ನೋವಿನ ಜೊತೆ ಚಳಿಜ್ವರ ಬಂದರೆ ರಾತ್ರಿಯಾದರೂ ಸರಿ ಹೊರಡಿ. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ಸೇರಿದರೆ ಕೆಲವೇ ಗಂಟೆಗಳಲ್ಲಿ ಅದು ರಕ್ತಕ್ಕೆ ಹರಡಿ ಜೀವಕ್ಕೆ ಬರುತ್ತೆ.

ಮೂತ್ರ ಪೂರ್ತಿ ನಿಂತುಹೋದರೆ.

ಒಂದೇ ಕಿಡ್ನಿ ಇರುವವರಿಗೆ ಅಥವಾ ಎರಡೂ ಕಡೆ ಕಲ್ಲಿರುವವರಿಗೆ ನೋವು ಬಂದರೆ.

ಗರ್ಭಿಣಿಯರಿಗೆ ಸೊಂಟ ನೋವು ಬಂದರೆ.

ನೀರು ಕೂಡ ನಿಲ್ಲದ ಹಾಗೆ ವಾಂತಿ ಆಗ್ತಿದ್ದರೆ.

ಇಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ. ಹಳೇ ರಿಪೋರ್ಟ್ ಜೊತೆಗಿರಲಿ.

ಯಾವಾಗ ತೆಗೆಸಬೇಕು?

ಕಲ್ಲು ಬೆಳೀತಾ ಇದ್ದರೆ, ನೋವು ಅಥವಾ ಮೂತ್ರದಲ್ಲಿ ರಕ್ತ ಬರ್ತಿದ್ದರೆ, ಸೋಂಕು ಆಗ್ತಿದ್ದರೆ, ಕಿಡ್ನಿ ಊದಿದ್ದರೆ, ಕಲ್ಲು 15 ಮಿ.ಮೀ. ದಾಟಿದ್ದರೆ ತೆಗೆಸೋದು ಒಳ್ಳೆಯದು ಅಂತ ಮಾರ್ಗಸೂಚಿಗಳು ಹೇಳುತ್ತವೆ. ಕೆಲಸವನ್ನೂ ಲೆಕ್ಕಕ್ಕೆ ತಗೋತಾರೆ. ದೂರದ ಊರಿಗೆ ಲಾರಿ ಓಡಿಸುವವರಿಗೆ ನಡುದಾರಿಯಲ್ಲಿ ನೋವು ಬಂದರೆ ಕಷ್ಟ, ಅಂಥವರಿಗೆ ಚಿಕ್ಕ ಕಲ್ಲಾದರೂ ತೆಗೆಯೋಣ ಅಂತ ಡಾಕ್ಟರ್ ಹೇಳಬಹುದು.

ಹೊರಗಿನಿಂದ ಅಲೆ ಕೊಟ್ಟು ಕಲ್ಲು ಒಡೆಯುವ ಚಿಕಿತ್ಸೆಯನ್ನ ಮೊದಲು ಮನುಷ್ಯರ ಮೇಲೆ ಮಾಡಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಬಿಟ್ಟು ಲೇಸರ್‌ನಿಂದ ಪುಡಿ ಮಾಡೋದು ಇನ್ನೊಂದು ವಿಧಾನ. 20 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ತೆಗೀತಾರೆ.

ನೋವಿಲ್ಲದ ಸಣ್ಣ ಕಲ್ಲಿಗೆ ಆತುರ ಬೇಡ ಅನ್ನೋದಕ್ಕೆ ಆಧಾರ ಇದೆ. ಬ್ರಿಟನ್‌ನಲ್ಲಿ 15 ಮಿ.ಮೀ.ಗಿಂತ ಚಿಕ್ಕ, ನೋವಿಲ್ಲದ ಕಲ್ಲಿದ್ದ 228 ಜನರಲ್ಲಿ ಅರ್ಧ ಜನರಿಗೆ ಅಲೆ ಕೊಟ್ಟು ಒಡೆದರು, ಉಳಿದವರನ್ನ ಬರೀ ಗಮನಿಸಿದರು. 2001ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಬೇರೆ ಕಲ್ಲಿಗೆ ಹೇಗೂ ಆಪರೇಷನ್ ಆಗ್ತಿದ್ದರೆ ಮಾತು ಬೇರೆ. 2022ರಲ್ಲಿ ಪ್ರಕಟವಾದ, 73 ಜನರ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಅದೇ ಸಲ 6 ಮಿ.ಮೀ. ಒಳಗಿನ ಸಣ್ಣ ಕಲ್ಲನ್ನೂ ತೆಗೆಸಿಕೊಂಡವರಲ್ಲಿ ನೂರಕ್ಕೆ 16 ಜನರಿಗೆ, ಬಿಟ್ಟವರಲ್ಲಿ ನೂರಕ್ಕೆ 63 ಜನರಿಗೆ ತೊಂದರೆ ಮರುಕಳಿಸಿತು. ಹಾಗಾಗಿ ಆಪರೇಷನ್ ನಿಗದಿಯಾಗಿದ್ದರೆ 'ಉಳಿದ ಸಣ್ಣದನ್ನೂ ತೆಗೀತೀರಾ?' ಅಂತ ಮೊದಲೇ ಕೇಳಿ.

ಆಪರೇಷನ್ ಆದಮೇಲೆ ಒಳಗೆ 'ಡಿಜೆ ಸ್ಟೆಂಟ್' ಅನ್ನೋ ಸಣ್ಣ ಪೈಪ್ ಬಿಟ್ಟಿರ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನ ತೆಗೆಯುವ ದಿನ ಬರೆದಿರುತ್ತೆ. ಆ ದಿನ ತಪ್ಪಿಸಬೇಡಿ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಆ ಪೈಪಿನ ಸುತ್ತಲೇ ಕಲ್ಲು ಕಟ್ಟಿ ಇನ್ನೊಂದು ದೊಡ್ಡ ಆಪರೇಷನ್ ಆಗುತ್ತೆ.

ಬಾಳೆದಿಂಡು, ಹುರುಳಿಕಟ್ಟು, ಟೊಮೆಟೊ, ಬೋರ್‌ವೆಲ್ ನೀರು

ಬಾಳೆದಿಂಡಿನ ರಸ, ಹುರುಳಿಕಟ್ಟು ಕುಡಿದು ಕಲ್ಲು ಹೋಯ್ತು ಅನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಸಣ್ಣ ಕಲ್ಲು ಏನೂ ಕುಡಿಯದಿದ್ದರೂ ಬಹಳ ಸಲ ತಾನಾಗಿ ಹೋಗುತ್ತೆ ಅನ್ನೋದನ್ನ ಮೇಲೆ ಓದಿದ್ದೀರಿ. ಕುಡಿಯೋದು ಬಿಡೋದು ನಿಮ್ಮಿಷ್ಟ. ಸ್ಕ್ಯಾನ್ ಬದಲಿಗೆ ಅದನ್ನ ಇಟ್ಟುಕೊಳ್ಳಬೇಡಿ ಅಷ್ಟೇ. ಕಿಡ್ನಿ ಮೊದಲೇ ಕಮ್ಮಿ ಕೆಲಸ ಮಾಡ್ತಿದ್ದರೆ ಡಾಕ್ಟರ್‌ಗೆ ಕೇಳದೆ ಯಾವ ರಸವನ್ನೂ ಕುಡಿಯಬೇಡಿ.

ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲೇ ಎಲ್ಲಕ್ಕಿಂತ ಹೆಚ್ಚು. ಅದಕ್ಕೆ ಹೆದರಿ ಹಾಲು ಮೊಸರು ಬಿಡುವವರು ಬಹಳ. ಇದು ಉಲ್ಟಾ ಹೊಡೆಯುತ್ತೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನ ಹಿಡಿದು ಹೊರಗೆ ಕಳಿಸುತ್ತೆ. ಇಟಲಿಯಲ್ಲಿ 120 ಗಂಡಸರ ಮೇಲೆ ಐದು ವರ್ಷ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಯಾಲ್ಸಿಯಂ ಬಿಟ್ಟವರಲ್ಲಿ ನೂರಕ್ಕೆ 38 ಜನರಿಗೆ ಮತ್ತೆ ಕಲ್ಲು ಬಂತು. ಮಾಮೂಲಿ ಕ್ಯಾಲ್ಸಿಯಂ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ ನೂರಕ್ಕೆ 20 ಜನರಿಗೆ. ಟೊಮೆಟೊ ಬೀಜ ಹೋಗಿ ಕಲ್ಲಾಗೋದಿಲ್ಲ, ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆಯೇ ಇದೆ. ಪಾಲಕ್ ಸೊಪ್ಪಿನಲ್ಲಿ ಜಾಸ್ತಿ, ಅದನ್ನ ಮಿತಿಯಲ್ಲಿ ತಿನ್ನಿ.

ಯೂರಿಕ್ ಆಸಿಡ್ ಕಲ್ಲು ಮಾತ್ರ ನಿಜವಾಗಿ ಕರಗಿಸಬಹುದಾದ್ದು. ಮೂತ್ರದ ಹುಳಿ ಇಳಿಸುವ ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿ ಕೊಡ್ತಾರೆ. ಅದಕ್ಕೆ ಡಾಕ್ಟರ್ ಚೀಟಿ, ನಡುನಡುವೆ ರಕ್ತ ಪರೀಕ್ಷೆ ಬೇಕು.

ಇನ್ನು ನೀರು. ಬೋರ್‌ವೆಲ್‌ನ ಗಡಸು ನೀರನ್ನ ಎಲ್ಲರೂ ಬೈತಾರೆ. ಆದರೆ ಅದಕ್ಕಿಂತ ದೊಡ್ಡ ಕಾರಣ ನೀರೇ ಕಮ್ಮಿ ಕುಡಿಯೋದು. ನಮ್ಮ ಬಿಸಿಲಿಗೆ ಬೆವರಿನಲ್ಲೇ ಅರ್ಧ ಹೋಗುತ್ತೆ. ಎಣ್ಣೆ ಮಿಲ್ಲಿನಲ್ಲಿ, ಗಾರೆ ಕೆಲಸದಲ್ಲಿ ಇರುವವರು, ಹೊಲದಲ್ಲಿ ಶೇಂಗಾ ಕೀಳುವವರು ನೋಡ್ಕೋಬೇಕು. ಅಂಗಡಿಯವರದ್ದು ಇನ್ನೊಂದು ಕಥೆ: ಗಲ್ಲಾ ಬಿಟ್ಟು ಏಳೋಕೆ ಆಗಲ್ಲ, ಹತ್ತಿರದಲ್ಲಿ ಶೌಚಾಲಯ ಇಲ್ಲ, ಅದಕ್ಕೆ ನೀರೇ ಕುಡಿಯೋದಿಲ್ಲ. ಸಂತೆಯಲ್ಲಿ ಕೂರುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ.

ಲೆಕ್ಕ ಕುಡಿಯೋದರದ್ದಲ್ಲ, ಹೊರಗೆ ಹೋಗೋದರದ್ದು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗಬೇಕು. ಬಣ್ಣ ತಿಳಿಯಾಗಿದ್ದರೆ ಸರಿ, ಗಾಢ ಹಳದಿ ಇದ್ದರೆ ಸಾಲದು. 1996ರಲ್ಲಿ ಇಟಲಿಯಿಂದ ಬಂದ ಐದು ವರ್ಷದ ಪರೀಕ್ಷೆಯಲ್ಲಿ, ಒಮ್ಮೆ ಕಲ್ಲು ಬಂದಿದ್ದ 199 ಜನರಲ್ಲಿ ಹೆಚ್ಚು ನೀರು ಕುಡಿದವರಿಗೆ ನೂರಕ್ಕೆ 12, ಮಾಮೂಲಿಯಾಗಿ ಇದ್ದವರಿಗೆ ನೂರಕ್ಕೆ 27 ಜನರಿಗೆ ಮತ್ತೆ ಕಲ್ಲು ಬಂತು. ಹೃದಯದ, ಕಿಡ್ನಿಯ ತೊಂದರೆ ಇದ್ದವರು ನೀರಿನ ಅಳತೆಯನ್ನ ಡಾಕ್ಟರ್‌ಗೇ ಕೇಳಬೇಕು.

ನೋವಿನ ಮಾತ್ರೆಯ ಬಗ್ಗೆಯೂ ಒಂದು ಮಾತು. ಡೈಕ್ಲೋಫಿನಾಕ್‌ನಂಥ ಮಾತ್ರೆ ಕಲ್ಲಿನ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಡಾಕ್ಟರ್‌ಗಳೂ ಕೊಡ್ತಾರೆ. ಆದರೆ ಚೀಟಿ ಇಲ್ಲದೆ ದಿನಗಟ್ಟಲೆ ನುಂಗಿದರೆ ಅದೇ ಕಿಡ್ನಿಗೆ ಹಾನಿ. ಮೇಲಾಗಿ ನೋವು ಮುಚ್ಚಿಹೋಗಿ ಅಡ್ಡಿ ಗೊತ್ತಾಗದೆ ಉಳಿಯುತ್ತೆ.

ಖರ್ಚಿಗೆ ಏನು ದಾರಿ?

ಒಳರೋಗಿಯಾಗಿ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು. ನಿಮ್ಮ ಚಿಕಿತ್ಸೆ ಯೋಜನೆಯೊಳಗೆ ಬರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರ ಅವರ ಹತ್ತಿರ ಅಡ್ಮಿಟ್ ಆಗುವ ಮೊದಲೇ ಕೇಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ರಾಜ್ಯ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆ ಇದೆ, ಅದು ಕಿಡ್ನಿಗೆ ಮತ್ತು ಮೂತ್ರದ ತೊಂದರೆಗೆಂದೇ ಇರುವ ಆಸ್ಪತ್ರೆ.

ಇಷ್ಟು ಮಾಡಿ

ಸ್ಕ್ಯಾನ್‌ಗೆ ಹೋಗುವಾಗ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೋಗಿ, ನಾಳದ ಕೆಳತುದಿ ಆಗ ಚೆನ್ನಾಗಿ ಕಾಣುತ್ತೆ.

ಆದಷ್ಟು ಪ್ರತಿಸಲ ಒಂದೇ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿ. ಹಳೇ ರಿಪೋರ್ಟ್ ಮತ್ತು ಫಿಲಂ ತಗೊಂಡು ಹೋಗಿ, 'ಹೋದಸಲಕ್ಕೂ ಈಸಲಕ್ಕೂ ಹೋಲಿಸಿ ಬರೀರಿ' ಅಂತ ಕೇಳಿ. ಅಲ್ಟ್ರಾಸೌಂಡನ್ನ ಅಲ್ಟ್ರಾಸೌಂಡ್ ಜೊತೆ, ಸಿಟಿಯನ್ನ ಸಿಟಿ ಜೊತೆ ಹೋಲಿಸಬೇಕು. ಅಲ್ಟ್ರಾಸೌಂಡ್‌ನಲ್ಲಿ 7 ಇದ್ದದ್ದು ಸಿಟಿಯಲ್ಲಿ 5 ಬಂದರೆ ಕಲ್ಲು ಕರಗಿಲ್ಲ, ಅಳೆಯುವ ಕೋಲು ಬದಲಾಗಿದೆ.

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಕಾಲಂ ಗೆರೆ ಎಳೆಯಿರಿ: ದಿನಾಂಕ, ಯಾವ ಸ್ಕ್ಯಾನ್, ಯಾವ ಕಿಡ್ನಿ ಯಾವ ಭಾಗ, ಎಷ್ಟು ಮಿ.ಮೀ., ಊತ ಇದೆಯಾ ಇಲ್ವಾ. ಡಾಕ್ಟರ್‌ಗೆ ಅರ್ಧ ನಿಮಿಷದಲ್ಲಿ ಪೂರ್ತಿ ಕಥೆ ತಿಳಿಯುತ್ತೆ. ರಿಪೋರ್ಟ್‌ಗಳ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನ್‌ನಲ್ಲೂ ಇಡಿ.

ಮುಂದಿನ ಸ್ಕ್ಯಾನ್ ದಿನವನ್ನ ಇವತ್ತೇ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಚೀಟಿ ಕಂತು, ಕರೆಂಟ್ ಬಿಲ್ ತಾರೀಕು ಬರೆಯುವ ಜಾಗದಲ್ಲೇ ಬರೆಯಿರಿ, ಅಲ್ಲಿ ಬರೆದದ್ದು ಮರೆಯೋದಿಲ್ಲ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಚಿಕಿತ್ಸೆಯ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದ್ದು.)